ಫ್ಯಾಕ್ಟ್ ಚೆಕ್: ಎರಡು ವರ್ಷದವರೆಗೆ ಸಕ್ಕರೆ ಕೊಡದಿದ್ದರೆ ಮಗುವಿಗೆ ಮುಂದೆ ಶುಗರ್ ಬರುವುದೇ ಇಲ್ಲವೇ?

ಸಾರಾಂಶ

ಎರಡು ವರ್ಷ ತುಂಬುವವರೆಗೆ ಮಗುವಿಗೆ ಸಕ್ಕರೆ ಕೊಡದಿದ್ದರೆ ಜೀವನಪೂರ್ತಿ ಸಕ್ಕರೆ ಕಾಯಿಲೆ ಬರುವುದಿಲ್ಲ, ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ ಕೊಡಿ ಎನ್ನುವ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಹರಿದಾಡುತ್ತಿರುತ್ತವೆ. ನಾವು ಇದನ್ನು ಪರಿಶೀಲಿಸಿದಾಗ ತಿಳಿದದ್ದು: ಈ ಹೇಳಿಕೆ ಅರ್ಧ ಸತ್ಯ. ಜೇನುತುಪ್ಪದ ಸಲಹೆಯಂತೂ ಒಂದು ವರ್ಷದೊಳಗಿನ ಮಗುವಿನ ಜೀವಕ್ಕೇ ಅಪಾಯ ತರಬಹುದು.

ಈ ಮಾತಿನ ಹಿಂದೆ ಅಧ್ಯಯನ ಇದೆಯೇ?

ಇದೆ. 2024ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅದು. ಎರಡನೇ ಮಹಾಯುದ್ಧದ ಸಮಯದಲ್ಲಿ, 1940ರಲ್ಲಿ, ಬ್ರಿಟನ್ ಸಕ್ಕರೆಯನ್ನು ರೇಷನ್ ಮಾಡಿತು. ಯುದ್ಧ ಮುಗಿದ ಮೇಲೂ ಅದು ಮುಂದುವರಿದು, 1953ರ ಸೆಪ್ಟೆಂಬರ್‌ನಲ್ಲಿ ಕೊನೆಯಾಯಿತು. ರೇಷನ್ ತೆಗೆದ ಕೂಡಲೇ ದಿನಕ್ಕೆ ತಲಾ ಸುಮಾರು 40 ಗ್ರಾಂ ಇದ್ದ ಸಕ್ಕರೆ ಬಳಕೆ ಸುಮಾರು 80 ಗ್ರಾಂಗೆ ಏರಿತು.

ಅಂದರೆ, ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿದ ಎರಡು ಗುಂಪಿನ ಮಕ್ಕಳು ಸಿಕ್ಕರು. ಒಂದು ಗುಂಪು ಕಡಿಮೆ ಸಕ್ಕರೆಯ ಕಾಲದಲ್ಲಿ ಬೆಳೆಯಿತು, ಇನ್ನೊಂದು ಹೆಚ್ಚು ಸಕ್ಕರೆಯ ಕಾಲದಲ್ಲಿ. ಮಕ್ಕಳಿಗೆ ಬೇಕೆಂದೇ ಸಕ್ಕರೆ ತಿನ್ನಿಸಿ ಪ್ರಯೋಗ ಮಾಡುವಂತಿಲ್ಲ. ಆದರೆ ಇಲ್ಲಿ ಇತಿಹಾಸವೇ ಆ ಪ್ರಯೋಗ ಮಾಡಿಬಿಟ್ಟಿತ್ತು. 1951ರಿಂದ 1956ರ ನಡುವೆ ಹುಟ್ಟಿದ ಸುಮಾರು 60,000 ಜನರ ಆರೋಗ್ಯದ ಮಾಹಿತಿಯನ್ನು ಸಂಶೋಧಕರು ಹೋಲಿಸಿದರು.

ಗರ್ಭದಲ್ಲಿದ್ದಾಗಿನಿಂದ ಎರಡು ವರ್ಷ ತುಂಬುವವರೆಗಿನ ಅವಧಿಯನ್ನು 'ಮೊದಲ ಸಾವಿರ ದಿನ' ಎನ್ನುತ್ತಾರೆ. ಗರ್ಭದ ಸುಮಾರು 270 ದಿನ, ಆಮೇಲಿನ ಎರಡು ವರ್ಷದ 730 ದಿನ. ಈ ಅವಧಿಯನ್ನು ರೇಷನ್ ಕಾಲದಲ್ಲಿ ಕಳೆದವರಲ್ಲಿ ಟೈಪ್ 2 ಮಧುಮೇಹದ ಅಪಾಯ ಸುಮಾರು 35%, ಬಿಪಿಯ ಅಪಾಯ ಸುಮಾರು 20% ಕಡಿಮೆ ಇತ್ತು. ಕಾಯಿಲೆ ಬಂದವರಿಗೂ ಮಧುಮೇಹ ಸುಮಾರು 4 ವರ್ಷ, ಬಿಪಿ ಸುಮಾರು 2 ವರ್ಷ ತಡವಾಗಿ ಬಂತು. ಈ ಲಾಭದಲ್ಲಿ ಸುಮಾರು ಮೂರನೇ ಒಂದು ಪಾಲು ಗರ್ಭದ ಅವಧಿಯದ್ದೇ.

ಹಾಗಾದರೆ ಸಂದೇಶದಲ್ಲಿ ತಪ್ಪೇನಿದೆ?

ಮೊದಲನೆಯದು, ಅಪಾಯ ಕಡಿಮೆಯಾಗುವುದು ಬೇರೆ, ಕಾಯಿಲೆ ಬರುವುದೇ ಇಲ್ಲ ಎನ್ನುವುದು ಬೇರೆ. ಉದಾಹರಣೆಗೆ, 100 ಜನರಲ್ಲಿ 20 ಜನರಿಗೆ ಕಾಯಿಲೆ ಬರುತ್ತಿತ್ತು ಎಂದುಕೊಳ್ಳಿ. ಅಪಾಯ 35% ಕಡಿಮೆಯಾದರೆ ಸುಮಾರು 13 ಜನರಿಗೆ ಬರುತ್ತದೆ. ಆ 13 ಜನರೂ ಬಾಲ್ಯದಲ್ಲಿ ಕಡಿಮೆ ಸಕ್ಕರೆ ತಿಂದವರೇ. ಮನೆತನದಲ್ಲಿ ಕಾಯಿಲೆ ಇರುವುದು, ತೂಕ, ದೈಹಿಕ ಚಟುವಟಿಕೆ, ದೊಡ್ಡವರಾದ ಮೇಲಿನ ಊಟ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು, ರೇಷನ್ ಕಾಲದ ಬ್ರಿಟನ್‌ನಲ್ಲಿ ಜನ ಸಕ್ಕರೆಯನ್ನು ಪೂರ್ತಿ ಬಿಟ್ಟಿರಲಿಲ್ಲ, ಮಿತಿಯಲ್ಲಿ ತಿನ್ನುತ್ತಿದ್ದರು.

ಮೂರನೆಯದು, ಈ ಅಧ್ಯಯನ ಟೈಪ್ 2 ಮಧುಮೇಹದ ಕುರಿತದ್ದು. ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಟೈಪ್ 1. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿನ್ನಿಸಿದ್ದರಿಂದ ಅದು ಬರುವುದಿಲ್ಲ. ಟೈಪ್ 1 ಇರುವ ಮಗುವಿನ ತಾಯಿ ಇಂಥ ಸಂದೇಶ ಓದಿದರೆ 'ನನ್ನಿಂದಲೇ ಹೀಗಾಯಿತೇ' ಎಂದು ಕೊರಗಬಹುದು. ಆ ಕೊರಗಿಗೆ ಕಾರಣವಿಲ್ಲ.

ಬೆಲ್ಲ, ಜೇನುತುಪ್ಪ ಕೊಡಬಹುದೇ?

ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ಅದರಲ್ಲಿ ಸ್ವಲ್ಪ ಖನಿಜಗಳಿವೆ ಎಂಬುದು ನಿಜ, ಆದರೆ ಚಮಚ ಲೆಕ್ಕದಲ್ಲಿ ಕೊಡುವ ಬೆಲ್ಲದಿಂದ ಮಗುವಿಗೆ ಬೇಕಾದ ಕಬ್ಬಿಣಾಂಶ ಸಿಗುವುದಿಲ್ಲ.

ಜೇನುತುಪ್ಪದ ವಿಷಯ ಇನ್ನೂ ಗಂಭೀರ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ, ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ರೂಢಿ ನಮ್ಮ ಹಲವು ಮನೆಗಳಲ್ಲಿದೆ. ಜೇನಿನಲ್ಲಿ 'ಕ್ಲಾಸ್ಟ್ರಿಡಿಯಂ ಬಾಟುಲಿನಂ' ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷ ಬಿಡುಗಡೆ ಮಾಡುತ್ತವೆ. ಮಲಬದ್ಧತೆ, ಹಾಲು ಚೀಪಲು ಕಷ್ಟ, ಕ್ಷೀಣವಾದ ಅಳು, ಮೈ ಜೋಲು ಬೀಳುವುದು ಇದರ ಲಕ್ಷಣಗಳು. ಉಸಿರಾಟಕ್ಕೂ ತೊಂದರೆಯಾಗಬಹುದು. ಇದು ಅಪರೂಪ, ಆದರೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಕುದಿಸಿದರೂ ಈ ಬೀಜಕಣಗಳು ಸಾಯುವುದಿಲ್ಲ. ಹಾಗಾಗಿ ಒಂದು ವರ್ಷ ತುಂಬುವವರೆಗೆ ಒಂದು ಹನಿ ಜೇನೂ ಬೇಡ.

ಹಾಗಾದರೆ ಏನು ಕೊಡಬೇಕು?

* ಮೊದಲ 6 ತಿಂಗಳು ಎದೆಹಾಲು ಮಾತ್ರ. ಆಮೇಲೆ ಮನೆಯ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಎದೆಹಾಲು ಮುಂದುವರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.
* ರಾಗಿ ಸರಿಯನ್ನು ಬೆಲ್ಲವಿಲ್ಲದೆ ಮಾಡಿ. ರುಚಿಗೆ ಕಿವುಚಿದ ಬಾಳೆಹಣ್ಣು ಬೆರೆಸಬಹುದು.
* ಬೇಳೆ ಹಾಕಿದ ಮೆತ್ತನೆ ಅನ್ನ, ಬೇಯಿಸಿದ ತರಕಾರಿ, ಮನೆಯಲ್ಲಿ ತಿನ್ನುವವರಾದರೆ ಮೊಟ್ಟೆ, ಮೀನು ಕೊಡಿ.
* ಎರಡು ವರ್ಷದೊಳಗೆ ಜ್ಯೂಸ್ ಬೇಡ ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಹಣ್ಣನ್ನೇ ಕೊಡಿ.
* ಬಿಸ್ಕತ್ತು, ಪೊಟ್ಟಣದ ಶಿಶು ಆಹಾರ ಕೊಳ್ಳುವಾಗ ಹಿಂಬದಿಯಲ್ಲಿ 'ಆಡೆಡ್ ಶುಗರ್ಸ್' ಎಂಬ ಸಾಲು ನೋಡಿ.

ಅಜ್ಜಿ ಪ್ರೀತಿಯಿಂದ ಒಂದು ತುಂಡು ಮೈಸೂರು ಪಾಕ್ ಬಾಯಿಗಿಟ್ಟರು ಎಂದು ಮನೆಯಲ್ಲಿ ಜಗಳ ಬೇಡ. ಲೆಕ್ಕಕ್ಕೆ ಬರುವುದು ದಿನನಿತ್ಯದ ಅಭ್ಯಾಸ. ಮಗು ಈಗಾಗಲೇ ಸಿಹಿಗೆ ಒಗ್ಗಿದ್ದರೆ, ಇಂದಿನಿಂದ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ.

ತೀರ್ಪು: ಅರ್ಧ ಸತ್ಯ

ಮೊದಲ ಸಾವಿರ ದಿನ ಸಕ್ಕರೆ ಕಡಿಮೆ ಮಾಡಿದರೆ ಮುಂದೆ ಟೈಪ್ 2 ಮಧುಮೇಹ ಮತ್ತು ಬಿಪಿಯ ಅಪಾಯ ತಗ್ಗಬಹುದು ಎನ್ನಲು ಆಧಾರವಿದೆ. ಕಾಯಿಲೆ ಬರುವುದೇ ಇಲ್ಲ ಎಂಬುದಕ್ಕೆ ಆಧಾರವಿಲ್ಲ. ಈ ಸಂದೇಶ ನಿಮ್ಮ ಗ್ರೂಪ್‌ಗೂ ಬಂದರೆ, ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ ಎಂಬ ಒಂದು ಸಾಲನ್ನಾದರೂ ಅದರ ಕೆಳಗೆ ಬರೆಯಿರಿ.