1997ರಲ್ಲೇ ಕಂಪ್ಯೂಟರ್ ಮೊದಲ ಬಾರಿ ಚೆಸ್ ಗೆದ್ದಿದ್ದೇ? ಫಾರ್ವರ್ಡ್ ಹೇಳದ ಕಥೆ

ಕೆಲವು ದಿನಗಳ ಹಿಂದೆ ಬೆಂಗ್ರೆಯ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಅದರ ಸಾರಾಂಶ ಇಷ್ಟು: "1997ರಲ್ಲಿ ಇತಿಹಾಸದಲ್ಲೇ ಮೊದಲ ಬಾರಿಗೆ ಕಂಪ್ಯೂಟರ್ ಒಬ್ಬ ಗ್ರ್ಯಾಂಡ್‌ಮಾಸ್ಟರನ್ನು ಸೋಲಿಸಿತು. ಅಂದಿನಿಂದ ಒಬ್ಬ ಮನುಷ್ಯನೂ ಗೆದ್ದಿಲ್ಲ. ಚೆಸ್‌ನ ಎಲ್ಲ ನಡೆಗಳೂ ಕಂಪ್ಯೂಟರಿಗೆ ಗೊತ್ತು. ಮುಂದೆ ನಿಮ್ಮ ಕೆಲಸದ ಸರದಿ!"

ಅಕ್ಕನ ಮಗ ಏಳನೇ ಕ್ಲಾಸು. ಚೆಸ್ ಎಂದರೆ ಅವನಿಗೆ ಪ್ರಾಣ. ಬೋಟಿನಿಂದ ಬಂದ ಭಾವ ಇದನ್ನು ಓದಿ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದರು: "ಎಲ್ಲ ಕಂಪ್ಯೂಟರಿಗೆ ಗೊತ್ತಂತಲ್ಲ, ಮತ್ತೆ ಇವನಿಗೆ ಫೀಸು ಕೊಟ್ಟು ಕ್ಲಾಸು ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕೋಣ.

ಚುಟುಕಾಗಿ ಹೇಳುವುದಾದರೆ

- 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿದ್ದು ನಿಜ.
- ಕಂಪ್ಯೂಟರಿಗೆ ಗ್ರ್ಯಾಂಡ್‌ಮಾಸ್ಟರ್ ಸೋತದ್ದು ಅದೇ ಮೊದಲು ಎಂಬುದು ಸುಳ್ಳು. ಅದಕ್ಕೆ 20 ವರ್ಷ ಮೊದಲೇ ಒಬ್ಬರು ಸೋತಿದ್ದರು.
- 1997ರ ನಂತರ ಯಾರೂ ಗೆದ್ದಿಲ್ಲ ಎಂಬುದೂ ಸುಳ್ಳು.
- ಕಂಪ್ಯೂಟರಿಗೆ ಚೆಸ್ ಪೂರ್ತಿ ಗೊತ್ತು ಎಂಬುದು ಇವತ್ತಿಗೂ ನಿಜವಲ್ಲ.

ಯಂತ್ರದ ಹೊಟ್ಟೆಯೊಳಗೆ ಮನುಷ್ಯ!

ಚೆಸ್ ಆಡುವ ಯಂತ್ರದ ಹೆಸರಲ್ಲಿ ಜನರನ್ನು ಮರುಳು ಮಾಡಿದ್ದು ವಾಟ್ಸಾಪ್ ಕಾಲದಲ್ಲಿ ಶುರುವಾದದ್ದಲ್ಲ. 1770ರಲ್ಲಿ ವೋಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್ ಎಂಬವರು ಪೇಟ ತೊಟ್ಟ ಬೊಂಬೆಯೊಂದನ್ನು ವಿಯೆನ್ನಾದ ಅರಮನೆಯಲ್ಲಿ ತೋರಿಸಿದರು. 'ಟರ್ಕ್' ಎಂದು ಹೆಸರಾದ ಅದು ತಾನಾಗಿಯೇ ಕಾಯಿ ನಡೆಸುತ್ತದೆ ಎಂದು ಯುರೋಪಿನ ಜನ ಬೆರಗಾದರು. ನಿಜದಲ್ಲಿ ಪೆಟ್ಟಿಗೆಯೊಳಗೆ ಒಬ್ಬ ಒಳ್ಳೆಯ ಆಟಗಾರ ಮುದುರಿ ಕುಳಿತಿರುತ್ತಿದ್ದ.

ನಿಜವಾದ ಪ್ರಯತ್ನ ಶುರುವಾದದ್ದು 20ನೇ ಶತಮಾನದಲ್ಲಿ. ಗಣಿತಜ್ಞ ಅಲನ್ ಟ್ಯೂರಿಂಗ್ ಚೆಸ್ ಆಡುವ ಪ್ರೋಗ್ರಾಂ ಬರೆದರು, ಆದರೆ ಅದನ್ನು ನಡೆಸಬಲ್ಲ ಕಂಪ್ಯೂಟರ್ ಇರಲಿಲ್ಲ. 1952ರಲ್ಲಿ ಅವರೇ ಕಾಗದದಲ್ಲಿ ಲೆಕ್ಕ ಹಾಕಿ ಅದರ ಪರವಾಗಿ ಆಡಿದರು. ಎದುರಾಳಿ ಅವರ ಸಹೋದ್ಯೋಗಿ. ಸೋತದ್ದು ಪ್ರೋಗ್ರಾಂ.

ಹತ್ತು ವರ್ಷದ ಬಾಜಿ

1968ರಲ್ಲಿ ಸ್ಕಾಟ್ಲೆಂಡಿನ ಆಟಗಾರ ಡೇವಿಡ್ ಲೆವಿ ಒಂದು ಬಾಜಿ ಕಟ್ಟಿದರು: ಇನ್ನು ಹತ್ತು ವರ್ಷದಲ್ಲಿ ಯಾವ ಕಂಪ್ಯೂಟರೂ ಚೆಸ್ ಪಂದ್ಯದಲ್ಲಿ ತನ್ನನ್ನು ಸೋಲಿಸಲಾರದು. ಎದುರು ಬಾಜಿ ಕಟ್ಟಿದವರು ಕೃತಕ ಬುದ್ಧಿಮತ್ತೆಯ ಹೆಸರಾಂತ ವಿಜ್ಞಾನಿ ಜಾನ್ ಮೆಕಾರ್ಥಿ. ಮೊದಲ ಮೊತ್ತ 500 ಪೌಂಡ್.

ಗಡುವು ಮುಗಿಯುವ ಹೊತ್ತಿಗೆ, 1978ರಲ್ಲಿ ಟೊರೊಂಟೊದಲ್ಲಿ ಲೆವಿ ಅಂದಿನ ಬಲಿಷ್ಠ ಪ್ರೋಗ್ರಾಂ 'ಚೆಸ್ 4.7' ಜೊತೆ ಆಡಿದರು. 3.5-1.5ರಿಂದ ಗೆದ್ದು ಬಾಜಿ ಉಳಿಸಿಕೊಂಡರು. ಆದರೆ ನಾಲ್ಕನೇ ಆಟವನ್ನು ಕಂಪ್ಯೂಟರ್ ಗೆದ್ದಿತ್ತು. ಹನ್ನೊಂದು ವರ್ಷಗಳ ನಂತರ, 1989ರಲ್ಲಿ 'ಡೀಪ್ ಥಾಟ್' ಎಂಬ ಯಂತ್ರದ ಎದುರು ಅದೇ ಲೆವಿ 4-0 ಅಂತರದಲ್ಲಿ ಸೋತರು.

ಲೆವಿ ಇಂಟರ್‌ನ್ಯಾಷನಲ್ ಮಾಸ್ಟರ್. ಅಂದರೆ ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗೆ.

ಹಾಗಾದರೆ ಮೊದಲು ಸೋತ ಗ್ರ್ಯಾಂಡ್‌ಮಾಸ್ಟರ್ ಯಾರು?

ಇದಕ್ಕೆ ಎರಡು ಉತ್ತರಗಳಿವೆ. ಫಾರ್ವರ್ಡ್ ಎಡವುವುದು ಇಲ್ಲೇ.

1977ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಸ್ಟೀನ್ 'ಚೆಸ್ 4.6' ಎದುರು ಸೋತರು. ಅದು ಬ್ಲಿಟ್ಜ್, ಅಂದರೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಆಟ.

ಗಂಟೆಗಟ್ಟಲೆ ಯೋಚಿಸಲು ಸಮಯವಿರುವ ದೊಡ್ಡ ಟೂರ್ನಿಯಲ್ಲಿ ಮೊದಲು ಸೋತವರು ಡೆನ್ಮಾರ್ಕಿನ ಬೆಂಟ್ ಲಾರ್ಸೆನ್. 1988ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಅವರನ್ನು ಡೀಪ್ ಥಾಟ್ ಸೋಲಿಸಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಯಂತ್ರ ಅದು. ಆ ತಂಡದಲ್ಲಿ ಫೆಂಗ್ ಶಿಯುಂಗ್ ಶು, ಮರ್ರೆ ಕ್ಯಾಂಪ್‌ಬೆಲ್ ಅವರ ಜೊತೆ ಭಾರತ ಮೂಲದ ಥಾಮಸ್ ಅನಂತರಾಮನ್ ಕೂಡ ಇದ್ದರು. ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದೂ ಅದೇ ವರ್ಷ.

ಇಷ್ಟಾದರೂ ವಿಶ್ವ ಚಾಂಪಿಯನ್ ಮಟ್ಟ ಇನ್ನೂ ದೂರವಿತ್ತು. 1985ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಸ್ಪರೋವ್ ಒಟ್ಟಿಗೇ 32 ಚೆಸ್ ಕಂಪ್ಯೂಟರ್‌ಗಳ ಎದುರು ಆಡಿ ಮೂವತ್ತೆರಡನ್ನೂ ಸೋಲಿಸಿದ್ದರು. 1989ರಲ್ಲಿ ಡೀಪ್ ಥಾಟ್ ಜೊತೆ ಎರಡು ಆಟ ಆಡಿ, ಎರಡನ್ನೂ ಗೆದ್ದರು.

ಸಮಯ ಕಡಿಮೆಯಾದಷ್ಟೂ ಯಂತ್ರಕ್ಕೆ ಲಾಭ

ಚೆಸ್ ಶುರುವಾಗುವಾಗ ಬಿಳಿ ಕಾಯಿಯವರಿಗೆ 20 ನಡೆಗಳ ಆಯ್ಕೆ ಇದೆ. ಕಪ್ಪಿನವರು ಉತ್ತರ ಕೊಟ್ಟ ಮೇಲೆ 400 ಸಾಧ್ಯತೆ. ಇಬ್ಬರೂ ಎರಡೆರಡು ನಡೆ ಆಡುವಷ್ಟರಲ್ಲಿ 1,97,281. ಕಂಪ್ಯೂಟರ್ ಈ ಕವಲುಗಳನ್ನು ಹುಡುಕುತ್ತಾ, ಪ್ರತಿ ಸ್ಥಿತಿಗೂ ಅಂಕ ಕೊಡುತ್ತದೆ: ಯಾರ ಬಳಿ ಕಾಯಿ ಹೆಚ್ಚು, ಯಾರ ರಾಜ ಭದ್ರ, ಇತ್ಯಾದಿ. ಒಂದು ದಾರಿಯಲ್ಲಿ ಸುಮ್ಮನೆ ರಾಣಿ ಹೋಗುತ್ತದೆ ಎಂದು ಗೊತ್ತಾದರೆ ಆ ಕವಲನ್ನು ಅಲ್ಲಿಗೇ ಬಿಡುತ್ತದೆ.

ಮನುಷ್ಯರು ಹೀಗೆ ಆಡುವುದಿಲ್ಲ. ಅನುಭವದಿಂದ ಎರಡು ಮೂರು ಒಳ್ಳೆಯ ನಡೆಗಳನ್ನು ಗುರುತಿಸಿ, ಅವನ್ನಷ್ಟೇ ಆಳವಾಗಿ ಯೋಚಿಸುತ್ತಾರೆ. ಅದಕ್ಕೆ ಸಮಯ ಬೇಕು. ಅವಸರವಾದರೆ ಕಣ್ತಪ್ಪುತ್ತದೆ. ಯಂತ್ರಕ್ಕೆ ಕಣ್ತಪ್ಪುವುದೂ ಇಲ್ಲ, ಸುಸ್ತೂ ಇಲ್ಲ.

ಆನಂದ್ ಅವರ ಆಟಗಳಲ್ಲೇ ಇದನ್ನು ನೋಡಬಹುದು. 1998ರಲ್ಲಿ ಇಟಲಿಯಲ್ಲಿ ಅವರು 'ರೆಬೆಲ್ 10' ಎಂಬ ಪ್ರೋಗ್ರಾಂ ಎದುರು ಎಂಟು ಆಟ ಆಡಿದರು.

- 5 ನಿಮಿಷದ 4 ಆಟ: ರೆಬೆಲ್ 3, ಆನಂದ್ 1
- 15 ನಿಮಿಷದ 2 ಆಟ: ರೆಬೆಲ್ 1.5, ಆನಂದ್ 0.5
- ಪೂರ್ಣ ಅವಧಿಯ 2 ಆಟ: ಆನಂದ್ 1.5, ರೆಬೆಲ್ 0.5

ಒಟ್ಟು ಲೆಕ್ಕದಲ್ಲಿ ರೆಬೆಲ್ 5-3ರಿಂದ ಗೆದ್ದಿತು. "ಆನಂದ್ ಕಂಪ್ಯೂಟರಿಗೆ ಸೋತರು" ಎಂದು ಫಾರ್ವರ್ಡ್ ಮಾಡಿದರೆ ಅದು ನಿಜ. "ಪೂರ್ಣ ಅವಧಿಯ ಆಟದಲ್ಲಿ ಆನಂದ್ ಕಂಪ್ಯೂಟರನ್ನು ಸೋಲಿಸಿದರು" ಎಂದರೆ ಅದೂ ನಿಜ. ಎರಡನ್ನೂ ಹೇಳದಿದ್ದರೆ ಮಾತ್ರ ಅರ್ಧ ಸತ್ಯ.

ಇದಕ್ಕೆ ಮೊದಲು 1994ರಲ್ಲಿ ಲಂಡನ್‌ನ 25 ನಿಮಿಷದ ಟೂರ್ನಿಯಲ್ಲಿ 'ಚೆಸ್ ಜೀನಿಯಸ್' ಪ್ರೋಗ್ರಾಂ ಕಾಸ್ಪರೋವ್ ಅವರನ್ನೇ ಹೊರಗೆ ಕಳಿಸಿತ್ತು. ಅದರ ಓಟವನ್ನು ಸೆಮಿಫೈನಲ್‌ನಲ್ಲಿ 2-0ರಿಂದ ನಿಲ್ಲಿಸಿದ್ದು ಆನಂದ್.

1997ರಲ್ಲಿ ನಿಜಕ್ಕೂ ಏನಾಯಿತು?

ಡೀಪ್ ಥಾಟ್ ಕಟ್ಟಿದವರು ಆಮೇಲೆ ಐಬಿಎಂ ಕಂಪನಿಯಲ್ಲಿ ಮುಂದುವರಿಸಿದ ಕೆಲಸವೇ ಡೀಪ್ ಬ್ಲೂ. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಅದು ಮೊದಲ ಆಟ ಗೆದ್ದು ಜಗತ್ತನ್ನು ಬೆಚ್ಚಿಬೀಳಿಸಿತು, ಆದರೆ ಒಟ್ಟು ಪಂದ್ಯವನ್ನು ಕಾಸ್ಪರೋವ್ 4-2ರಿಂದ ಗೆದ್ದರು.

1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಮರುಪಂದ್ಯ. ಹೊಸ ಡೀಪ್ ಬ್ಲೂನಲ್ಲಿ ಚೆಸ್‌ಗಾಗಿಯೇ ಮಾಡಿದ 480 ಚಿಪ್‌ಗಳಿದ್ದವು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಮೊದಲ ಆಟ ಕಾಸ್ಪರೋವ್‌ಗೆ, ಎರಡನೆಯದು ಯಂತ್ರಕ್ಕೆ, ನಂತರ ಮೂರು ಡ್ರಾ. ಮೇ 11ರ ಆರನೇ ಆಟದಲ್ಲಿ ಕಾಸ್ಪರೋವ್ 19 ನಡೆಗಳಲ್ಲೇ ಸೋಲೊಪ್ಪಿದರು. ಅಂತಿಮ ಲೆಕ್ಕ 3.5-2.5.

ಯಂತ್ರ ಒಂಟಿಯಾಗಿರಲಿಲ್ಲ. ಗ್ರ್ಯಾಂಡ್‌ಮಾಸ್ಟರ್ ಜೋಯೆಲ್ ಬೆಂಜಮಿನ್ ಅದನ್ನು ತಯಾರು ಮಾಡಲು ನೆರವಾಗಿದ್ದರು. ಆಟಗಳ ನಡುವೆ ಪ್ರೋಗ್ರಾಂ ತಿದ್ದಲು ನಿಯಮದಲ್ಲೇ ಅವಕಾಶವಿತ್ತು. ಕಾಸ್ಪರೋವ್ ಇನ್ನೊಂದು ಪಂದ್ಯ ಕೇಳಿದರು, ಐಬಿಎಂ ಒಪ್ಪಲಿಲ್ಲ.

"ಕಂಪ್ಯೂಟರಿನ ಬಗ್‌ನಿಂದ ಕಾಸ್ಪರೋವ್ ಸೋತರು" ಎಂಬ ಇನ್ನೊಂದು ಸಂದೇಶವೂ ಓಡಾಡುತ್ತದೆ. ಮೊದಲ ಆಟದ 44ನೇ ನಡೆ ಒಂದು ದೋಷದಿಂದ ಬಂದದ್ದೆಂದು ಡೀಪ್ ಬ್ಲೂ ತಂಡದ ಕ್ಯಾಂಪ್‌ಬೆಲ್ ಅವರೇ ಆಮೇಲೆ ಹೇಳಿದ್ದಾರೆ. ಆದರೆ ಆ ಆಟ ಗೆದ್ದದ್ದು ಕಾಸ್ಪರೋವ್!

1997ರ ನಂತರ

2002ರಲ್ಲಿ ಬಹ್ರೇನ್‌ನಲ್ಲಿ ವ್ಲಾಡಿಮಿರ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಎದುರು 4-4 ಸಮ ಮಾಡಿಕೊಂಡರು. 2003ರಲ್ಲಿ ಕಾಸ್ಪರೋವ್ 'ಡೀಪ್ ಜೂನಿಯರ್' ಜೊತೆ 3-3. 2005ರಲ್ಲೂ ರುಸ್ಲಾನ್ ಪೊನೊಮರಿಯೊವ್ ಫ್ರಿಟ್ಜ್ ಎದುರು ಒಂದು ಆಟ ಗೆದ್ದರು. 2006ರಲ್ಲಿ ಕ್ರಾಮ್ನಿಕ್ 4-2ರಿಂದ ಡೀಪ್ ಫ್ರಿಟ್ಜ್‌ಗೆ ಸೋತ ಮೇಲೆ ಇಂಥ ದೊಡ್ಡ ಪಂದ್ಯಗಳೇ ನಿಂತುಹೋದವು.

ನಿಮ್ಮ ಕೈಯಲ್ಲಿರುವ ಫೋನಿಗೂ ಈ ಕಥೆಯಲ್ಲಿ ಪಾತ್ರವಿದೆ. 2009ರಲ್ಲಿ ಅರ್ಜೆಂಟೀನಾದ ಟೂರ್ನಿಯೊಂದರಲ್ಲಿ 'ಪಾಕೆಟ್ ಫ್ರಿಟ್ಜ್ 4' ಎಂಬ ಆ್ಯಪ್ ಮೊಬೈಲ್ ಫೋನಿನಲ್ಲಿ ಆಡಿ 10ರಲ್ಲಿ 9.5 ಅಂಕ ಗಳಿಸಿತು. ಅದು ಸೆಕೆಂಡಿಗೆ ನೋಡುತ್ತಿದ್ದದ್ದು 20 ಸಾವಿರಕ್ಕಿಂತ ಕಡಿಮೆ ಸ್ಥಿತಿಗಳನ್ನು, ಅಂದರೆ ಡೀಪ್ ಬ್ಲೂ ನೋಡುತ್ತಿದ್ದದ್ದರ ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ವೇಗ ಮಾತ್ರ ಸಾಲದು, ಏನನ್ನು ನೋಡಬೇಕೆಂದು ಪ್ರೋಗ್ರಾಂಗೆ ಹೇಳಿಕೊಡುವುದರಲ್ಲಿ ಮನುಷ್ಯರು ಜಾಣರಾಗಿದ್ದರು.

ಹಾಗಾದರೆ ಚೆಸ್ ಮುಗಿಯಿತೇ?

ಇಲ್ಲ. ಎರಡೂ ರಾಜರನ್ನು ಸೇರಿಸಿ ಹಲಗೆಯಲ್ಲಿ 7 ಕಾಯಿಗಳು ಉಳಿದಾಗಿನ ಸ್ಥಿತಿಗಳನ್ನಷ್ಟೇ ಕಂಪ್ಯೂಟರ್‌ಗಳು ಪೂರ್ತಿ ಲೆಕ್ಕ ಹಾಕಿ ಇಟ್ಟಿವೆ. ಆಟ ಶುರುವಾಗುವುದು 32 ಕಾಯಿಗಳಿಂದ. ಮನುಷ್ಯರನ್ನು ಸೋಲಿಸುವುದು ಬೇರೆ, ಆಟವನ್ನೇ ಬಿಡಿಸಿ ಮುಗಿಸುವುದು ಬೇರೆ.

ಆಡುವವರೂ ಕಡಿಮೆಯಾಗಲಿಲ್ಲ. ಡೀಪ್ ಬ್ಲೂ ಗೆದ್ದ 20 ವರ್ಷಗಳ ನಂತರ, 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2024ರಲ್ಲಿ ಡಿ. ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಇಂದಿನ ಆಟಗಾರರಿಗೆ ಕಂಪ್ಯೂಟರ್ ಅಭ್ಯಾಸದ ಜೊತೆಗಾರ. ಬೈಕ್ ನಮಗಿಂತ ಜೋರಾಗಿ ಹೋಗುತ್ತದೆಂದು ಶಾಲೆಯ ಓಟದ ಪಂದ್ಯ ನಿಲ್ಲಿಸಿದ್ದೇವೆಯೇ?

ಮುಂದಿನ ಸಲ "ಎಐ ಮನುಷ್ಯನನ್ನು ಸೋಲಿಸಿತು" ಎಂದು ಬಂದರೆ

ಡಾಕ್ಟರ್, ವಕೀಲ, ಡ್ರೈವರ್, ಯಾರ ಬಗ್ಗೆ ಬಂದರೂ ಫಾರ್ವರ್ಡ್ ಮಾಡುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ:

1. ಸ್ಪರ್ಧೆ ಯಾವುದು, ಎಷ್ಟು ಸಮಯ ಕೊಟ್ಟಿದ್ದರು?
2. ಎಷ್ಟು ಸಲ ಸ್ಪರ್ಧಿಸಿದರು? ಒಂದೇ ಸಲವೇ, ಹಲವು ಸಲವೇ?
3. ಯಂತ್ರದ ಹಿಂದೆ ಎಷ್ಟು ಮಂದಿ ಮನುಷ್ಯರಿದ್ದರು?
4. ಫಲಿತಾಂಶವನ್ನು ಹೇಳಿದವರು ಯಾರು? ಯಂತ್ರ ಮಾರುವ ಕಂಪನಿಯೇ, ಬೇರೆಯವರೇ?

ಭಾವನಿಗೂ ಇದನ್ನೇ ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದೆ. ಗ್ರೂಪಿನಲ್ಲಿ ಆ ಫಾರ್ವರ್ಡ್ ಇನ್ನೂ ಹಾಗೇ ಇದೆ. ಅಕ್ಕನ ಮಗ ಮಾತ್ರ ಆದಿತ್ಯವಾರದ ಕ್ಲಾಸಿಗೆ ದೋಣಿ ಹತ್ತಿ ಬಂದರಿಗೆ ಹೋಗುತ್ತಿದ್ದಾನೆ.