ಧಾರವಾಡದ ಶಾಲೆಯೂ ಒಂದು ಅರ್ಜಿಯೂ

ಧಾರವಾಡವು ವಿದ್ಯೆಯ ಊರೆಂದು ಕನ್ನಡಿಗರೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಡೆಪ್ಯುಟಿ ಚನ್ನಬಸಪ್ಪನವರಂತಹ ಮಹನೀಯರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವನ್ನೂ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದುದನ್ನೂ, 1917ರಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದುದನ್ನೂ ನಾವು ಮೇಲಿಂದ ಮೇಲೆ ಸ್ಮರಿಸುತ್ತೇವೆ. ಆದರೆ ಇದೇ ಊರಿನಲ್ಲಿ 1856ರಲ್ಲಿ ನಡೆದ ಒಂದು ಪ್ರಸಂಗವು ಈ ಸ್ಮರಣೆಯಲ್ಲಿ ಸೇರುವುದು ಅಪರೂಪ. ಅದು ಒಬ್ಬ ಹುಡುಗನು ಶಾಲೆಗೆ ಸೇರಬೇಕೆಂದು ಬರೆದುಕೊಂಡ ಅರ್ಜಿಯ ಕಥೆ. ಆ ಅರ್ಜಿಯು ಧಾರವಾಡದಿಂದ ಮುಂಬಯಿಗೂ, ಮುಂಬಯಿಯಿಂದ ಕಲಕತ್ತೆಗೂ, ಅಲ್ಲಿಂದ ಲಂಡನ್ನಿಗೂ ಹೋಯಿತು. ಹಿಂದುಸ್ಥಾನದಲ್ಲಿ ಸರಕಾರಿ ಶಾಲೆಯೆಂದರೆ ಯಾರ ಶಾಲೆ ಎಂಬ ಪ್ರಶ್ನೆಯು ಇಷ್ಟು ಸ್ಪಷ್ಟವಾಗಿ ಸರಕಾರದ ಮುಂದೆ ಬಂದು ನಿಂತ ಸಂದರ್ಭಗಳು ವಿರಳ. ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ವಾಚಕರ ಮುಂದಿಡುವೆನು.

ಇದಕ್ಕೆ ಎರಡು ವರ್ಷ ಹಿಂದೆ, 1854ರ ಜುಲೈ 19ರಂದು, ಸರ್ ಚಾರ್ಲ್ಸ್ ವುಡ್ಡನ ಹೆಸರಿನಿಂದ ಪ್ರಸಿದ್ಧವಾದ ಶಿಕ್ಷಣದ ಖಲೀತೆಯು ವಿಲಾಯತಿಯಿಂದ ಬಂದಿತ್ತು. ಪ್ರತಿಯೊಂದು ಇಲಾಖೆಯಲ್ಲಿಯೂ ಶಿಕ್ಷಣ ಖಾತೆ ಏರ್ಪಡಬೇಕು, ವಿಶ್ವವಿದ್ಯಾಲಯಗಳು ಹುಟ್ಟಬೇಕು, ಖಾಸಗಿ ಶಾಲೆಗಳಿಗೆ ಸಹಾಯಧನ ದೊರೆಯಬೇಕು, ಅದುವರೆಗೆ ಅಲಕ್ಷ್ಯಕ್ಕೆ ಒಳಗಾಗಿದ್ದ ಸಾಮಾನ್ಯ ಜನರಿಗೆ ಉಪಯುಕ್ತವಾದ ವಿದ್ಯೆ ಮುಟ್ಟಬೇಕು ಎಂಬುದು ಅದರ ಮುಖ್ಯಾಂಶ. ಜಾತಿಯ ಕಾರಣದಿಂದಲೇ ಯಾವ ಹುಡುಗನಿಗೂ ಸರಕಾರಿ ಶಾಲೆಯಲ್ಲಿ ಪ್ರವೇಶವನ್ನು ನಿರಾಕರಿಸಬಾರದೆಂದು ಕಂಪನಿಯ ಡೈರೆಕ್ಟರರು ಅದೇ ವರ್ಷದ ಮೇ ತಿಂಗಳಲ್ಲಿ ಬರೆದೂ ಇದ್ದರು. ಹೀಗೆ ನಿಯಮವು ಕಾಗದದ ಮೇಲೆ ಸಿದ್ಧವಾಗಿಯೇ ಇತ್ತು. ಅದನ್ನು ಪರೀಕ್ಷಿಸುವವನೊಬ್ಬನು ಬರಬೇಕಾಗಿತ್ತು.

1856ರ ಜೂನ್ ತಿಂಗಳಲ್ಲಿ ಅವನು ಬಂದನು. ಮಹಾರ ಜಾತಿಯ ಹುಡುಗನೊಬ್ಬನು ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ಆಗ ಮುಂಬಯಿಯಲ್ಲಿ ಲಾರ್ಡ್ ಎಲ್ಫಿನ್‌ಸ್ಟನ್ನನು ಗವರ್ನರನಾಗಿದ್ದನು. ಸರಕಾರವು ಜುಲೈ 21ರಂದು ಠರಾವನ್ನು ಹೊರಡಿಸಿತು. ಆ ಠರಾವು ಬಹು ವಿಚಿತ್ರವಾದ ಬರಹ. ಪ್ರಶ್ನೆಯು ವ್ಯವಹಾರದಲ್ಲಿ ಅತ್ಯಂತ ತೊಡಕಿನದೆಂದು ಅದು ಪ್ರಾರಂಭಿಸುತ್ತದೆ. ತಾತ್ತ್ವಿಕವಾದ ನ್ಯಾಯವು ಅರ್ಜಿದಾರನ ಪಕ್ಷದಲ್ಲಿಯೇ ಇದೆಯೆಂಬುದರಲ್ಲಿ ಸಂದೇಹವಿಲ್ಲವೆಂದು ಒಪ್ಪಿಕೊಳ್ಳುತ್ತದೆ. ಅವನಿಗೆ ಅಡ್ಡಿಯಾಗಿರುವ ಪೂರ್ವಗ್ರಹವು ಬೇಗನೆ ತೊಲಗೀತೆಂದು ಆಶಿಸುತ್ತದೆ. ಆಮೇಲೆ, ಒಬ್ಬಿಬ್ಬರಿಗಾಗಿ ಯುಗಯುಗಾಂತರದ ಭಾವನೆಗಳಿಗೆ ಒಮ್ಮಿಂದೊಮ್ಮೆಲೇ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ದೊಡ್ಡ ಹಾನಿಯಾದೀತು, ಈ ತೊಂದರೆ ಸರಕಾರವು ಉಂಟುಮಾಡಿದ್ದಲ್ಲ, ಸರಕಾರವು ಒಮ್ಮೆಗೇ ಪರಿಹರಿಸಲಾಪುದೂ ಅಲ್ಲ ಎಂದು ಹೇಳಿ ಹುಡುಗನನ್ನು ಹಿಂದಕ್ಕೆ ಕಳುಹಿಸುತ್ತದೆ.

ನ್ಯಾಯವು ನಿನ್ನದು, ಶಾಲೆ ಮಾತ್ರ ನಿನ್ನದಲ್ಲ! ಇದೇ ಆ ತೀರ್ಪಿನ ತಾತ್ಪರ್ಯ. ಈ ಠರಾವನ್ನು ಬರೆದವರು ದುಷ್ಟರೆಂದು ನಾನು ಹೇಳಲಾರೆ. ಅವರಿಗಿದ್ದ ಭಯವು ನಿಜವಾದದ್ದೇ. ಆಗಿನ ಅನೇಕ ಶಾಲೆಗಳು ಊರವರು ಕೊಡುತ್ತಿದ್ದ ವಂತಿಗೆ ಮತ್ತು ಫೀಗಳಿಂದ ಅರ್ಧಮರ್ಧ ನಡೆಯುತ್ತಿದ್ದವು. ಒಬ್ಬ ಹುಡುಗನು ಒಳಗೆ ಬಂದರೆ ಐವತ್ತು ಜನ ಹೊರಗೆ ಹೋಗಿ ಶಾಲೆಯೇ ಮುಚ್ಚಿಹೋದೀತೆಂಬ ಲೆಕ್ಕವು ಅಧಿಕಾರಿಗಳ ಮನಸ್ಸಿನಲ್ಲಿತ್ತು. ಆದರೆ ಆ ಲೆಕ್ಕದಲ್ಲಿ ಒಂದು ತಪ್ಪಿದೆ. ಅರ್ಜಿದಾರನು ಒಬ್ಬನೇ ಎಂದು ಸರಕಾರವು ಎಣಿಸಿತು. ಅವನ ಹಿಂದೆ, ಅರ್ಜಿ ಬರೆಯುವ ಧೈರ್ಯವಾಗಲಿ ಸಾಧನವಾಗಲಿ ಇಲ್ಲದೆ ನಿಂತಿದ್ದ ಸಾವಿರಾರು ಮಕ್ಕಳನ್ನು ಎಣಿಸಲಿಲ್ಲ. ಒಳಗಿದ್ದವರ ಸಂಖ್ಯೆ ಹಾಜರಿಪುಸ್ತಕದಲ್ಲಿ ಇರುತ್ತದೆ, ಹೊರಗುಳಿದವರಿಗೆ ಹಾಜರಿಪುಸ್ತಕವೆಲ್ಲಿಯದು?

ಕಾಗದವು ಕಲಕತ್ತೆಗೆ ಹೋಯಿತು. ಹಿಂದುಸ್ಥಾನ ಸರಕಾರವು 1857ರ ಜನವರಿ 23ರಂದು ಉತ್ತರ ಬರೆಯಿತು. ಮುಂಬಯಿ ಸರಕಾರವು ವಿವೇಕದಿಂದ ನಡೆದುಕೊಂಡಿರುವುದು ಬಹುಶಃ ನಿಜವೇ ಆದರೂ, ಬಂಗಾಲ ಇಲಾಖೆಯ ಯಾವ ಸರಕಾರಿ ಶಾಲೆಯಲ್ಲಿಯೂ ಆ ಹುಡುಗನಿಗೆ ಪ್ರವೇಶವನ್ನು ನಿರಾಕರಿಸುತ್ತಿರಲಿಲ್ಲವೆಂಬುದು ಅದರ ಸಾರಾಂಶ. ಒಂದು ಕೈಯಿಂದ ಬೆನ್ನು ತಟ್ಟಿ ಇನ್ನೊಂದು ಕೈಯಿಂದ ಚಿವುಟುವ ಸರಕಾರಿ ಶೈಲಿಯು ಅಂದಿನಿಂದ ಇಂದಿನವರೆಗೆ ಅಷ್ಟಾಗಿ ಬದಲಾಗಿಲ್ಲ. ಕೆಲವು ತಿಂಗಳಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆಯೆದ್ದಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಪದವಿಗಳಿಗೆ ಬಾಗಿಲು ತೆರೆದಾಗ ಧಾರವಾಡದ ಅರ್ಜಿಯಿನ್ನೂ ತೀರ್ಮಾನವಾಗಿರಲಿಲ್ಲ.

ಕೊನೆಯ ಮಾತನ್ನು ಡೈರೆಕ್ಟರರ ಮಂಡಲಿಯು 1858ರ ಏಪ್ರಿಲ್ 28ರಂದು ಲಂಡನ್ನಿನಿಂದ ಬರೆಯಿತು. ದಂಗೆಯ ಹೆದರಿಕೆ ಇನ್ನೂ ಆರದಿದ್ದ ಕಾಲವದು; ಈ ದೇಶದ ಆಚಾರವಿಚಾರಗಳಿಗೆ ಕೈಹಾಕಬಾರದೆಂಬ ಕೂಗು ಎಲ್ಲೆಲ್ಲಿಯೂ ಎದ್ದಿತ್ತು. ಆದರೂ ಡೈರೆಕ್ಟರರು ಹಿಂಜರಿಯಲಿಲ್ಲ. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂಬುದು ತಮ್ಮ ಉದ್ದೇಶ, ಈ ತತ್ತ್ವವನ್ನು ಬಿಟ್ಟುಕೊಡಲಾಗದು ಎಂದರು. ಇದನ್ನು ಆಚರಣೆಗೆ ತಂದರೆ ಕೆಲವು ವಿದ್ಯಾರ್ಥಿಗಳು ಶಾಲೆ ಬಿಡಬಹುದೆಂಬುದನ್ನೂ ಅವರು ಮರೆಮಾಚಲಿಲ್ಲ. ಯಾರಿಗೆ ಇದು ಸಮ್ಮತವಲ್ಲವೋ ಅವರು ತಮ್ಮ ವಂತಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ತಮ್ಮ ಹಣದಿಂದ ತಮಗೆ ಬೇಕಾದ ರೀತಿಯ ಶಾಲೆಗಳನ್ನು ಕಟ್ಟಿಕೊಳ್ಳಲು ಸ್ವತಂತ್ರರು ಎಂದು ಹೇಳಿ ಮುಗಿಸಿದರು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಅದೇ ವರ್ಷದ ನವೆಂಬರಿನಲ್ಲಿ ರಾಜ್ಯಭಾರವು ಕಂಪನಿಯಿಂದ ರಾಣಿಗೆ ಹೋಯಿತು. ಅಂತೂ ವ್ಯಾಪಾರಿಗಳ ಸಂಸ್ಥೆಯೊಂದು ತನ್ನ ಕಡೆಗಾಲದಲ್ಲಿ ಆಡಿದ ಒಳ್ಳೆಯ ಮಾತಿದು.

ಅರ್ಜಿಗೂ ಈ ಉತ್ತರಕ್ಕೂ ನಡುವೆ ಇಪ್ಪತ್ತೆರಡು ತಿಂಗಳು ಕಳೆದಿದ್ದವು. ಸರಕಾರದ ಕಡತಕ್ಕೆ ಅದು ದೊಡ್ಡ ಅವಧಿಯಲ್ಲ. ಓದುವ ವಯಸ್ಸಿನ ಹುಡುಗನಿಗೆ ಅದು ಎರಡು ತರಗತಿ.

ನಿಯಮವೇನೋ ಸ್ಥಿರವಾಯಿತು. ನಡೆದದ್ದೇನು? 1882ರಲ್ಲಿ ವಿಲಿಯಂ ಹಂಟರನ ಅಧ್ಯಕ್ಷತೆಯ ಶಿಕ್ಷಣ ಆಯೋಗವು ಲೆಕ್ಕ ತೆಗೆದಾಗ, ಮುಂಬಯಿ ಇಲಾಖೆಯ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿದ್ದ ಮೂರು ಲಕ್ಷಕ್ಕೂ ಮಿಕ್ಕ ಮಕ್ಕಳಲ್ಲಿ ಕೆಳಜಾತಿಯವರೆಂದು ಗಣನೆಯಾದ ಹಿಂದೂ ಮಕ್ಕಳು ಮೂರು ಸಾವಿರವೂ ಇರಲಿಲ್ಲ. ನೂರಕ್ಕೆ ಒಂದಕ್ಕಿಂತ ಕಡಿಮೆ. ಇಪ್ಪತ್ತೈದು ವರ್ಷಗಳ ಫಲವಿದು! ಅದೇ ಆಯೋಗದ ಮುಂದೆ ಪುಣೆಯ ಜೋತೀರಾವ್ ಫುಲೆಯವರು ಹೇಳಿಕೆ ಕೊಟ್ಟರು. 1848ರಲ್ಲಿಯೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದು, ಮುಂದೆ ಮಹಾರ ಮಾಂಗರ ಮಕ್ಕಳಿಗೂ ಶಾಲೆ ನಡೆಸಿದ ಅವರು ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಹಿಡಿದರು. ಸರಕಾರದ ಬೊಕ್ಕಸವು ತುಂಬುವುದು ರೈತನ ಬೆವರಿನಿಂದ. ಆ ಹಣವು ವೆಚ್ಚವಾಗುವುದು ಮೇಲಿನವರ ಉಚ್ಚ ಶಿಕ್ಷಣಕ್ಕೆ. ಇದು ಯಾವ ನ್ಯಾಯ? ಅಲ್ಲಿಯವರೆಗೆ ಔದಾರ್ಯದ ಪ್ರಶ್ನೆಯಾಗಿದ್ದದ್ದು ಫುಲೆಯವರ ಬಾಯಲ್ಲಿ ಲೆಕ್ಕಪತ್ರದ ಪ್ರಶ್ನೆಯಾಯಿತು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ತೂಕವಾದ ವಾದವಿಲ್ಲ. ಕೊಟ್ಟವನು ಪಾಲು ಕೇಳುವುದು ಭಿಕ್ಷೆಯಲ್ಲ.

ಹಂಟರ್ ಆಯೋಗವು ಡೈರೆಕ್ಟರರ ನಿಯಮವನ್ನು ಮತ್ತೆ ದೃಢಪಡಿಸಿತು. ಆದರೆ ತಕ್ಕ ಎಚ್ಚರಿಕೆಯಿಂದ ಅದನ್ನು ಅನ್ವಯಿಸಬೇಕೆಂಬ ಬಾಲವನ್ನೂ ಸೇರಿಸಿತು. ಮಕ್ಕಳ ಸಂಖ್ಯೆ ಸಾಕಷ್ಟಿರುವೆಡೆಗಳಲ್ಲಿ ಪ್ರತ್ಯೇಕ ಶಾಲೆಗಳಿಗೆ ಉತ್ತೇಜನ ಕೊಡಬೇಕೆಂದಿತು. ಪ್ರತ್ಯೇಕ ಶಾಲೆಯ ವಿಷಯದಲ್ಲಿ ನ್ಯಾಯವಾಗಿ ಮಾತಾಡುವುದು ಸುಲಭವಲ್ಲ. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ, ಯಾರೂ ಸೇರಿಸಿಕೊಳ್ಳದಿದ್ದ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ದಲಿತೋದ್ಧಾರದ ಮಿಷನ್ನನ್ನು ಸ್ಥಾಪಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಅಂಥದೇ ಕಾರ್ಯವನ್ನು ಕೈಕೊಂಡರು. ಆ ಶಾಲೆಗಳು ಇಲ್ಲದಿದ್ದರೆ ಆ ಮಕ್ಕಳಿಗೆ ಅಕ್ಷರವೇ ಇರುತ್ತಿರಲಿಲ್ಲ. ಆ ಮಹಾನುಭಾವರಿಗೆ ತಲೆ ಬಾಗಲೇಬೇಕು. ಆದರೆ ಅವರು ಹೃದಯದ ಒತ್ತಾಯದಿಂದ ಮಾಡಿದ್ದನ್ನು ಸರಕಾರವು ತನ್ನ ಅನುಕೂಲಕ್ಕಾಗಿ ಮಾಡಿದಾಗ ಅದರ ಅರ್ಥವೇ ಬೇರೆಯಾಗುತ್ತದೆ. ಬೇರೆಯ ಶಾಲೆಯು ಬಡ ಶಾಲೆಯಾಗಲು ಬಹಳ ಕಾಲ ಹಿಡಿಯುವುದಿಲ್ಲ. ಯಾರ ಮಕ್ಕಳು ಅಲ್ಲಿ ಓದುವರೋ ಅವರ ಕೂಗು ಕಚೇರಿಯವರೆಗೆ ಮುಟ್ಟುವುದಿಲ್ಲ.

ಸೇರಿಸಿಕೊಂಡರೂ ಸಮಾನತೆ ಬಂದಂತಾಗಲಿಲ್ಲ. 1891ರಲ್ಲಿ ಹುಟ್ಟಿದ ಭೀಮರಾವ್ ಅಂಬೇಡಕರರು ಸಾತಾರೆಯ ಶಾಲೆಗೆ ಹೋಗುವಾಗ ಮನೆಯಿಂದ ಗೋಣಿತಟ್ಟು ಒಯ್ದು ಬೇರೆಯೇ ಕೂಡ್ರಬೇಕಾಗಿತ್ತು. ಜವಾನನು ಬಂದು ನೀರು ಕೊಟ್ಟರುಂಟು, ಇಲ್ಲವಾದರೆ ಬಾಯಾರಿಕೆಯೇ. ಅವರೇ 1928ರಲ್ಲಿ ಸೈಮನ್ ಆಯೋಗಕ್ಕೆ ಮುಂಬಯಿ ಇಲಾಖೆಯ ದಲಿತರ ಶಿಕ್ಷಣದ ಸ್ಥಿತಿಯನ್ನು ಕುರಿತು ಹೇಳಿಕೆಯನ್ನು ಸಲ್ಲಿಸಿದಾಗ ಧಾರವಾಡದ ಈ ಹಳೆಯ ಅರ್ಜಿಯನ್ನು ಧೂಳುಕೊಡವಿ ಮುಂದಿಟ್ಟರು. ಅದಕ್ಕೆ ಐದು ವರ್ಷ ಮೊದಲು, 1923ರ ಆಗಸ್ಟಿನಲ್ಲಿ, ಎಸ್. ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂಬ ಠರಾವನ್ನು ಸ್ವೀಕಾರ ಮಾಡಿಸಿದ್ದರು. 1858ರಲ್ಲಿ ತೀರ್ಮಾನವಾದದ್ದನ್ನು 1923ರಲ್ಲಿ ಮತ್ತೆ ತೀರ್ಮಾನಿಸಬೇಕಾಗಿ ಬಂದಿತೆಂಬುದೇ ನಡುವಿನ ಅರವತ್ತೈದು ವರ್ಷಗಳ ಚರಿತ್ರೆ.

1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 29ನೆಯ ಅನುಚ್ಛೇದವು, ಸರಕಾರ ನಡೆಸುವ ಅಥವಾ ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯಲ್ಲಿಯೂ ಮತ, ಕುಲ, ಜಾತಿ, ಭಾಷೆಗಳ ಕಾರಣದಿಂದಲೇ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿತು. ಧಾರವಾಡದ ಹುಡುಗನಿಗೆ ಕೊನೆಗೂ ನ್ಯಾಯ ದೊರೆಯಿತೆಂದು ಇಲ್ಲಿಗೆ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಡೈರೆಕ್ಟರರ ಆ ಕೊನೆಯ ಮಾತು ಅಡ್ಡ ಬರುತ್ತದೆ. ಸಮ್ಮತವಿಲ್ಲದವರು ತಮ್ಮ ಹಣದಿಂದ ತಮ್ಮ ಶಾಲೆ ಕಟ್ಟಿಕೊಳ್ಳಲಿ ಎಂದು ಅವರು ಸವಾಲಿನಂತೆ ಹೇಳಿದ್ದರು. ಸ್ವತಂತ್ರ ಹಿಂದುಸ್ಥಾನದಲ್ಲಿ ಅದು ಹಾಗೆಯೇ ನಡೆಯಿತು. ಸರಕಾರಿ ಶಾಲೆಯ ಬಾಗಿಲು ಎಲ್ಲರಿಗೂ ತೆರೆಯಿತು. ಉಳ್ಳವರು ಮೆಲ್ಲಗೆ ಹೊರಗೆ ನಡೆದರು. ಅವರು ಹೋದದ್ದು ಜಾತಿಯ ಹೆಸರಿನಲ್ಲಲ್ಲ, ಇಂಗ್ಲಿಷಿನ ಹೆಸರಿನಲ್ಲಿ, ಶಿಸ್ತಿನ ಹೆಸರಿನಲ್ಲಿ, ಫಲಿತಾಂಶದ ಹೆಸರಿನಲ್ಲಿ. ಅವರನ್ನೇ ದೂರಿ ಫಲವಿಲ್ಲ. ತನ್ನ ಮಗುವಿಗೆ ಒಳ್ಳೆಯ ಮೇಷ್ಟರು ಬೇಕೆಂದು ಬಯಸದ ತಾಯಿತಂದೆಯರುಂಟೆ? ಇದನ್ನು ಓದುತ್ತಿರುವ ಮನೆಗಳಲ್ಲಿ ಎಷ್ಟು ಮನೆಯ ಮಕ್ಕಳು ಸರಕಾರಿ ಕನ್ನಡ ಶಾಲೆಗೆ ಹೋಗುತ್ತಿರುವರೆಂದು ಕೇಳಿದರೆ ನನ್ನ ಮನೆಯೂ ಸೇರಿ ಉತ್ತರ ಹೇಳಲು ಸಂಕೋಚವಾದೀತು. ಆದರೆ ಪರಿಣಾಮವನ್ನು ನೋಡಬೇಡವೆ? ಮಾತು ಬಲ್ಲವರು ಬಿಟ್ಟುಹೋದ ಶಾಲೆಯ ಮಾಡು ಸೋರಿದರೆ ಕೇಳುವವರಿಲ್ಲ. ಹೊರಗಿನವರನ್ನು ಒಳಕ್ಕೆ ಬಿಡದೆ ಪ್ರತ್ಯೇಕ ಶಾಲೆ ಹುಟ್ಟಿಸಿದ್ದು ಹಳೆಯ ಕಾಲ. ಒಳಗಿನವರು ಹೊರಕ್ಕೆ ಹೋಗಿ ಅದನ್ನೇ ಹುಟ್ಟಿಸಿದ್ದು ಹೊಸ ಕಾಲ.

ಇದನ್ನು ಮುನ್ನೋಡಿಯೇ 1964ರಿಂದ 1966ರವರೆಗೆ ವಿಚಾರ ನಡೆಸಿದ ಕೊಠಾರಿ ಆಯೋಗವು, ಜಾತಿ ಅಂತಸ್ತುಗಳ ಭೇದವಿಲ್ಲದೆ ಎಲ್ಲರೂ ಓದುವ, ತಾಯಿತಂದೆಯರು ಬಿಟ್ಟುಹೋಗಬೇಕೆನಿಸದಷ್ಟು ಉತ್ತಮವಾದ ಸಮಾನ ಶಾಲಾ ಪದ್ಧತಿಯನ್ನು ಸೂಚಿಸಿತು. 1968ರ ರಾಷ್ಟ್ರೀಯ ನೀತಿಯಲ್ಲಿ ಆ ಮಾತು ಸೇರಿತು. ಸೇರಿ ಅಲ್ಲಿಯೇ ಉಳಿಯಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕ, ಕುಡಿಯುವ ನೀರು, ಶೌಚಾಲಯ ಇವನ್ನು ಕಡ್ಡಾಯಗೊಳಿಸಿ, ಖಾಸಗಿ ಶಾಲೆಗಳ ಒಂದನೆಯ ತರಗತಿಯಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಈ ಸ್ಥಾನ ದೊರೆಯದಂತೆ ಕರ್ನಾಟಕ ಸರಕಾರವು ನಿಯಮವನ್ನು ತಿದ್ದಿತು. 2019ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಮ್ಮದೇ ಶಾಲೆ ಇರುವಾಗ ಪರರ ಶಾಲೆಗೆ ಬೊಕ್ಕಸದ ಹಣವೇಕೆ ಎಂಬುದು ಸರಕಾರದ ವಾದ. ಆ ವಾದವು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಶಾಲೆಯು ಪರರ ಶಾಲೆಗೆ ಸರಿದೊರೆಯಾಗಿದ್ದ ಊರಿನಲ್ಲಿ ಅದು ನ್ಯಾಯವಾದ ವಾದ. ಹಾಗಿರದ ಊರಿನಲ್ಲಿ, ಹಾಜರಿಪುಸ್ತಕದಲ್ಲಿ ಹೆಸರು ಬರೆಯಿಸಿಕೊಂಡು ಬೆಂಚಿನ ಮೇಲೆ ಕುಳಿತ ಹುಡುಗನ ಕೈಯಲ್ಲಿ ಇರುವುದು ಮತ್ತೆ ಅದೇ 1856ರ ಜುಲೈ 21ರ ಠರಾವು.