ಉಲ್ ದೇವನ ಊರುಗಳು

ಗ್ರಂಥಗಳು ಮರೆತ ದೇವರನ್ನು ಊರ ಹೊಲಗಳು ನೆನಪಿನಲ್ಲಿಟ್ಟುಕೊಂಡಿರುವುದುಂಟೆ? ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಉಂಟು.

ಆ ಉತ್ತರದೇಶದ ಪುರಾಣಕಥೆಗಳನ್ನು ನಾವು ಬಹುಮಟ್ಟಿಗೆ ತಿಳಿಯುವುದು ಐಸ್‌ಲೆಂಡಿನ ವಿದ್ವಾಂಸನಾದ ಸ್ನೋರಿ ಸ್ಟುರ್ಲುಸನ್ ಎಂಬಾತನು ಸುಮಾರು 1220ರಲ್ಲಿ ರಚಿಸಿದ ಎಡ್ಡಾ ಎಂಬ ಗ್ರಂಥದಿಂದ. ಓಡಿನ್, ಥೋರ್ ಮೊದಲಾದವರ ಸಾಹಸಗಳು ಅದರಲ್ಲಿ ಯಥೇಚ್ಛವಾಗಿವೆ. ಉಲ್ ಎಂಬ ದೇವನಿಗಾದರೋ ದೊರೆತಿರುವುದು ಕೆಲವೇ ಮಾತುಗಳು: ಥೋರನ ಮಲಮಗನು, ಬಿಲ್ಲುಗಾರನು, ಹಿಮದ ಮೇಲೆ ಜಾರುವುದರಲ್ಲಿ ಎಣೆಯಿಲ್ಲದವನು. ಇಷ್ಟನ್ನೇ ನಂಬಿದರೆ ಈತನನ್ನು ಪರಿವಾರದೇವತೆಗಳಲ್ಲಿ ಒಬ್ಬನೆಂದು ಎಣಿಸಬೇಕಾಗುವುದು.

ಆದರೆ ಭೂಪಟವು ಬೇರೆ ಮಾತನ್ನು ಹೇಳುತ್ತದೆ. ಸ್ವೀಡನ್ನಿನಲ್ಲಿ ಉಲ್ಲೆವಿ ಎಂಬ ಹೆಸರಿನ ಸ್ಥಳಗಳು ಹಲವು, ಉಪ್ಸಲಾ ನಗರದಲ್ಲಿ ಉಲ್ಲೆರೋಕರ್, ನಾರ್ವೆಯಲ್ಲಿ ಉಲ್ಲೆನ್ಸಾಕರ್. ಓಕರ್, ಆಕರ್ ಎಂದರೆ ಹೊಲ. ವಿ ಎಂದರೆ ಪವಿತ್ರಸ್ಥಾನ. ಡೆನ್ಮಾರ್ಕಿನ ಓಡೆನ್ಸೆ ಪಟ್ಟಣದ ಹೆಸರಿನ ಕಡೆಯಲ್ಲಿ ಸವೆದು ಉಳಿದಿರುವುದೂ ಇದೇ ಪದ. ಅದು ಓಡಿನ್ನನ ಕ್ಷೇತ್ರವಾಗಿತ್ತು.

ಆ ಭಾಷೆಗಳಲ್ಲಿ ಉಲ್ ಎಂದರೆ ಉಣ್ಣೆಯೆಂದೂ ಅರ್ಥವಾಗುವುದು. ಹಾಗಾದರೆ ಇವು ಕುರಿ ಸಾಕುವವರ ಊರುಗಳೇಕಾಗಬಾರದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ಉಣ್ಣೆಗೆ ಯಾರೂ ಪವಿತ್ರಸ್ಥಾನವನ್ನು ಕಲ್ಪಿಸುವುದಿಲ್ಲವಷ್ಟೆ! ವಿ ಎಂಬ ಉತ್ತರಪದವೇ ಇಲ್ಲಿ ಸಾಕ್ಷಿ. ದೇವನ ಹೆಸರಿನ ಮೂಲವೂ ಬೇರೆ; ತೇಜಸ್ಸು, ಮಹಿಮೆ ಎಂಬರ್ಥದ ವುಲ್ಥುಸ್ ಎಂಬ ಗಾಥಿಕ್ ಪದವು ಅದಕ್ಕೆ ಬಂಧು.

2007ರಲ್ಲಿ ಸ್ಟಾಕ್‌ಹೋಮಿನ ವಾಯವ್ಯಕ್ಕಿರುವ ಬ್ರೂ ಎಂಬಲ್ಲಿ ಲಿಲ್ಲಾ ಉಲ್ಲೆವಿ ಎಂಬ ನೆಲವನ್ನು ಅಗೆದಾಗ, ಏಳು ಎಂಟನೆಯ ಶತಮಾನಗಳ ಕಲ್ಲುಹಾಸಿನ ಜಗಲಿಯೂ, ಅರವತ್ತಕ್ಕೂ ಮಿಕ್ಕ ಹರಕೆಯ ಉಂಗುರಗಳೂ ಹೊರಬಿದ್ದುವು. ಅಲ್ಲಿ ದೇವಾಲಯದ ಗುರುತು ನೆಲದ ಮೇಲೆ ಕಾಣುವಂತೆ ಏನೂ ಇರಲಿಲ್ಲ. ಇದ್ದುದು ಹೆಸರು ಮಾತ್ರ.

ಇಷ್ಟು ಪೂಜೆಗೊಂಡವನು ಗ್ರಂಥದಲ್ಲಿ ಏಕೆ ಮಂಕಾದನು? ಉಲ್ಲನ ಹೆಸರಿನ ಊರುಗಳು ಸ್ವೀಡನ್, ನಾರ್ವೆಗಳಲ್ಲಿವೆ, ಐಸ್‌ಲೆಂಡಿನಲ್ಲಿ ಕಾಣವು. ಆ ದ್ವೀಪಕ್ಕೆ ಸುಮಾರು 870ರಿಂದ ಮುಂದೆ ಹೆಚ್ಚಾಗಿ ನಾರ್ವೆಯಿಂದಲೇ ಜನರು ಹೋಗಿ ನೆಲೆಸಿದರು. ಥೋರನ ಹೆಸರನ್ನು ಅಲ್ಲಿ ಹಲವು ಸ್ಥಳಗಳಿಗೆ ಇಟ್ಟರು, ಉಲ್ಲನ ಹೆಸರನ್ನು ಇಡಲಿಲ್ಲ. ಅವರು ಹೊರಡುವ ವೇಳೆಗೇ ಉಲ್ಲನ ಪೂಜೆಯು ಕ್ಷೀಣಿಸಿದ್ದಿರಬೇಕೆಂದು ನಮಗೆ ತೋರುವುದು. ಸ್ನೋರಿಯು ಹುಟ್ಟಿದ್ದು ಅದಾದ ಮೂರು ಶತಮಾನಗಳ ಮೇಲೆ, ಆ ವಲಸೆಗಾರರ ಸಂತತಿಯಲ್ಲಿ. ಉಲ್ಲನ ವಿಷಯವಾಗಿ ಅವನ ಕಿವಿಗೆ ಬಿದ್ದಿರಬಹುದಾದುದು ಬಹು ಸ್ವಲ್ಪ.